ಹುದ್ದೆ ಉಂಟು, ಕೆಲಸವಿಲ್ಲ

ಬ್ರಿಟನ್ನಿನ ಪಾರಿವಾಳ ಪ್ರದರ್ಶನಗಳಲ್ಲಿ ‘ಶೋ ರೇಸರ್’ ಎಂಬ ತಳಿಗೆ ಸಲ್ಲುವ ಮರ್ಯಾದೆಯನ್ನು ಕಂಡರೆ ನಮ್ಮ ಕಡೆಯ ಎಷ್ಟೋ ನಿಗಮ ಮಂಡಳಿಗಳ ಅಧ್ಯಕ್ಷರಿಗೂ ಹೊಟ್ಟೆಕಿಚ್ಚಾದೀತು. ಹೆಸರಿನ ಪ್ರಕಾರ ಇದು ಪಂದ್ಯದ ಹಕ್ಕಿ. ಇದರ ಪೂರ್ವಿಕರು ನೂರಾರು ಮೈಲಿ ದೂರದಿಂದ ಗಾಳಿಮಳೆಯೆನ್ನದೆ ಹಾರಿಬಂದು ಗೂಡು ಸೇರುತ್ತಿದ್ದುದು ನಿಜ. ಆದರೆ ಶೋ ರೇಸರ್ ಪಂದ್ಯಕ್ಕೆ ಹೋಗುವುದಿಲ್ಲ. ಪಂದ್ಯದ ಹಕ್ಕಿ ಹೇಗಿರಬೇಕೆಂದು ಸಂಘದವರು ಬರೆದಿಟ್ಟಿದ್ದಾರೋ ಹಾಗೆ ಕಾಣಿಸಿಕೊಳ್ಳುವುದಷ್ಟೇ ಅದರ ಜವಾಬ್ದಾರಿ. ತೀರ್ಪುಗಾರರು ಅದನ್ನು ಪಂಜರದಿಂದ ಹೊರತೆಗೆದು, ಅಂಗೈಯಲ್ಲಿ ತೂಗಿ, ರೆಕ್ಕೆ ಬಿಡಿಸಿ ನೋಡಿ, ಹಾರಾಟಕ್ಕೆ ಹೇಳಿ ಮಾಡಿಸಿದಂಥ ರೆಕ್ಕೆಯೆಂದು ಮೆಚ್ಚಿ, ಮತ್ತೆ ಪಂಜರದೊಳಕ್ಕೇ ಬಿಟ್ಟು ಬಾಗಿಲು ಹಾಕುತ್ತಾರೆ.

ಇದೊಂದೇ ಆಗಿದ್ದರೆ ಅಪವಾದವೆಂದು ಸುಮ್ಮನಿರಬಹುದಿತ್ತು. ಟಿಪ್ಲರ್ ಎಂಬ ಜಾತಿಯ ಪಾರಿವಾಳಗಳು ಒಮ್ಮೆ ಮೇಲೇರಿದರೆ ಇಪ್ಪತ್ತು ಗಂಟೆಗೂ ಮೀರಿ ಹಾರಿದ ದಾಖಲೆಗಳಿವೆ. ಅದೇ ಹೆಸರಿನ ‘ಶೋ ಟಿಪ್ಲರ್’ ಇಡೀ ದಿನ ಪಂಜರದಲ್ಲಿ ನಿಂತು ತನ್ನ ಕತ್ತಿನ ಬಣ್ಣವನ್ನು ಕಾಪಾಡಿಕೊಳ್ಳುತ್ತದೆ. ಆಕಾಶದಲ್ಲಿ ಲಾಗ ಹಾಕುವುದಕ್ಕೆ ಹೆಸರಾದ ಟಂಬ್ಲರ್‌ನ ಪ್ರದರ್ಶನದ ಕವಲುಗಳು ಲಾಗವನ್ನು ಬಿಟ್ಟು ಹೆಸರನ್ನು ಮಾತ್ರ ಉಳಿಸಿಕೊಂಡಿವೆ. ಇಂಗ್ಲಿಷ್ ಕ್ಯಾರಿಯರ್ ಎಂಬುದು ಓಲೆ ಒಯ್ಯುವ ಹಕ್ಕಿಯೆಂದೇ ಹೆಸರು ಪಡೆದದ್ದು. ಪಾರಿವಾಳಗಳ ರಾಜನೆಂಬ ಬಿರುದೂ ಅದಕ್ಕಿದೆ. ಅದು ಈಗ ಒಯ್ಯುವುದು ತನ್ನ ಕೊಕ್ಕಿನ ಬುಡದಲ್ಲಿ ಬೆಳೆದ, ಹೂಕೋಸಿನಷ್ಟು ಗಂಟುಗಂಟಾದ ತೊಗಲನ್ನು ಮಾತ್ರ. ಆ ತೊಗಲು ಪೂರ್ತಿ ಬಲಿಯಲು ಮೂರು ವರ್ಷವಾದರೂ ಬೇಕು. ಅಷ್ಟು ವರ್ಷ ಅದನ್ನು ಬೆಳೆಸುವುದೇ ರಾಜನ ಆಡಳಿತ. ಈ ಪೈಕಿ ಪಾರ್ಲರ್ ರೋಲರ್ ಒಂದನ್ನು ಮೆಚ್ಚಲೇಬೇಕು. ನೆಲದ ಮೇಲೆ ಬಿಟ್ಟರೆ ಅದು ಹೆಸರಿಗೆ ತಕ್ಕಂತೆ ಹಿಮ್ಮುಖವಾಗಿ ಉರುಳುತ್ತಲೇ ಹೋಗುತ್ತದೆ. ಹಾರಲು ಮಾತ್ರ ಅದಕ್ಕೆ ಆಗುವುದಿಲ್ಲ.

ಕೆಲಸವೆಲ್ಲ ಒಡೆಯನ ಪಾಲಿನದು. ಮರಿ ಹುಟ್ಟಿದ ಒಂದು ವಾರ, ಹತ್ತು ದಿನದೊಳಗೆ ಅದರ ಕಾಲಿಗೆ ಬೆಸುಗೆಯಿಲ್ಲದ ಉಂಗುರವನ್ನು ತೊಡಿಸಬೇಕು. ತಡವಾದರೆ ಪಾದ ದಪ್ಪವಾಗಿ ಉಂಗುರ ಒಳಗೆ ಹೋಗದು, ಹೋದದ್ದು ಮತ್ತೆಂದೂ ಹೊರಗೆ ಬಾರದು. ಹುಟ್ಟಿದ ವರ್ಷವನ್ನೂ ಸಂಖ್ಯೆಯನ್ನೂ ಕೊರೆದಿರುವ ಆ ಉಂಗುರವೇ ಹಕ್ಕಿಯ ಸೇವಾ ಪುಸ್ತಕ. ಬೇಸಿಗೆಯ ಕೊನೆಯಿಂದ ಹಳೆಯ ಗರಿ ಉದುರಿ ಹೊಸದು ಬರಲು ಶುರುವಾಗುತ್ತದೆ. ಆದ್ದರಿಂದಲೇ ಪ್ರದರ್ಶನಗಳೆಲ್ಲ ಚಳಿಗಾಲಕ್ಕೆ ಬೀಳುತ್ತವೆ. ಒಂದು ಗರಿ ಮುರಿದಿದ್ದರೆ ಅದನ್ನು ಸುಮಾರು ಆರು ವಾರ ಮೊದಲೇ ಕಿತ್ತು, ಪ್ರದರ್ಶನದ ಹೊತ್ತಿಗೆ ಹೊಸದು ಬೆಳೆದುನಿಲ್ಲುವಂತೆ ಲೆಕ್ಕ ಹಾಕಬೇಕು. ಇಷ್ಟು ಮುಂದಾಲೋಚನೆ ಒಂದು ರಸ್ತೆಯ ಗುಂಡಿಗೆ ಸಿಕ್ಕಿದ್ದರೆ ಎಂದು ಯಾರಿಗಾದರೂ ಅನಿಸಿದರೆ ಅದು ಅವರ ಊರಿನ ಸಮಸ್ಯೆ.

ಬಿಳಿಯ ಫ್ಯಾನ್‌ಟೇಲ್‌ನ ಸ್ನಾನವನ್ನು ಹತ್ತಿರದಿಂದಲೇ ನೋಡಬೇಕು. ಸಾಲಾಗಿ ಮೂರು ಬೋಗುಣಿಗಳಲ್ಲಿ ಉಗುರುಬೆಚ್ಚಗಿನ ನೀರು: ಒಂದರಲ್ಲಿ ಮಕ್ಕಳ ಶಾಂಪೂ, ಉಳಿದೆರಡರಲ್ಲಿ ಬರಿಯ ನೀರು. ಒಡೆಯ ಎಡಗೈಯಲ್ಲಿ ಹಕ್ಕಿಯ ಎರಡೂ ಕಾಲು ಹಿಡಿದು, ಬಲಗೈಯಿಂದ ಬಾಲದ ಗರಿಗಳನ್ನು ಬುಡದಿಂದ ತುದಿಯ ಕಡೆಗೆ ಮಾತ್ರ ಸವರುತ್ತಾನೆ. ಅಡ್ಡಕ್ಕೆ ಉಜ್ಜಿದರೆ ಗರಿಯ ಎಳೆ ಬಿಚ್ಚಿ ವರ್ಷದ ಶ್ರಮ ನೀರುಪಾಲಾಗುತ್ತದೆ. ಸಾಮಾನ್ಯ ಪಾರಿವಾಳದ ಬಾಲದಲ್ಲಿ ಹನ್ನೆರಡೋ ಹದಿನಾಲ್ಕೋ ಗರಿಗಳಿದ್ದರೆ ಇದರ ಬಾಲದಲ್ಲಿ ಮೂವತ್ತು, ನಲವತ್ತು ಇರುವುದರಿಂದ ಈ ಕೆಲಸ ಬೇಗ ಮುಗಿಯುವಂಥದ್ದಲ್ಲ. ಆಮೇಲೆ ಹಲ್ಲುಜ್ಜುವ ಬ್ರಷ್ಷಿನಿಂದ ಕಾಲಿನ ಪದರಪದರದಲ್ಲಿ ಕೂತ ಕೊಳೆಯನ್ನು ತೆಗೆದು, ಉಗುರು ಕತ್ತರಿಸಿ, ಹೇರ್ ಡ್ರೈಯರ್ ಹಿಡಿಯಬೇಕು. ಈ ಉಪಚಾರವೆಲ್ಲ ಪ್ರದರ್ಶನಕ್ಕೆ ಕೆಲವು ದಿನ ಮುಂಚೆಯೇ ಮುಗಿಯಬೇಕು, ಏಕೆಂದರೆ ಸಾಬೂನಿಗೆ ತೊಳೆದುಹೋದ ಗರಿಯ ಸಹಜ ಹೊಳಪು ಮರಳಿ ಬರಲು ಸಮಯ ಬೇಕು. ಸಹಜವಾಗಿ ಕಾಣಿಸುವುದಕ್ಕೆ ಇಷ್ಟೊಂದು ಸಿದ್ಧತೆ.

ಸ್ನಾನದಷ್ಟೇ ಮುಖ್ಯ ಶಿಕ್ಷಣ. ವಾರಗಟ್ಟಲೆ ಮುಂಚೆಯೇ ಪ್ರದರ್ಶನದ ಪಂಜರದಂಥದೇ ಪಂಜರವನ್ನು ಮನೆಯಲ್ಲಿಟ್ಟು, ಹಕ್ಕಿಯನ್ನು ಅದರಲ್ಲಿ ಕೂರಿಸಿ, ತೀರ್ಪುಗಾರರ ಕೈಯಲ್ಲಿರುವಂಥ ಕೋಲಿನಿಂದ ಮೆಲ್ಲಗೆ ಮುಟ್ಟಿ, ಹೋಗಿಬರುವವರ ಮುಖಕ್ಕೆ ಬೆದರದಂತೆ ಪಳಗಿಸುತ್ತಾರೆ. ಫ್ಯಾನ್‌ಟೇಲ್ ಎದೆ ಉಬ್ಬಿಸಿ, ತಲೆಯನ್ನು ಬಾಲಕ್ಕೆ ತಾಗುವಷ್ಟು ಹಿಂದಕ್ಕೆ ಬಾಗಿಸಿ ತುದಿಗಾಲಲ್ಲಿ ನಿಲ್ಲಬೇಕು. ಮುಂದೆ ಏನಿದೆಯೆಂದು ಅದಕ್ಕೆ ಕಾಣುತ್ತದೋ ಇಲ್ಲವೋ ಎಂಬುದಕ್ಕೆ ಅಂಕವಿಲ್ಲ. ಗಂಟಲ ಚೀಲವನ್ನು ಬಲೂನಿನಂತೆ ಊದಿಕೊಳ್ಳುವ ಪೌಟರ್‌ನ ವಿಷಯ ಇನ್ನೂ ಸೂಕ್ಷ್ಮವಾದದ್ದು. ಅದಕ್ಕೆ ಮನಸ್ಸು ಬಂದರೆ ಮಾತ್ರ ಊದುತ್ತದೆ. ಆದ್ದರಿಂದ ಸಂಸಾರಸ್ಥರಾದ, ಬ್ಯಾಂಕಿನಲ್ಲಿ ಸಾಲದ ಕಂತು ಕಟ್ಟುತ್ತಿರುವ ಹಿರಿಯರು ಪಂಜರದ ಮುಂದೆ ಬಾಗಿ, ತಾವೂ ಹೆಣ್ಣು ಪಾರಿವಾಳವೆಂಬಂತೆ ನಾಲಗೆಯಿಂದ ಲೊಚಗುಟ್ಟಿ, ಗುಟುರು ಹಾಕಿ, ಅದನ್ನು ಒಲಿಸಿಕೊಳ್ಳುತ್ತಾರೆ. ತೀರ್ಪಿನ ದಿನ ಅದೇ ಗುಟುರನ್ನು ತೀರ್ಪುಗಾರರು ಹಾಕುತ್ತಾರೆ. ಹಕ್ಕಿ ಉಬ್ಬಿದರೆ ಇಬ್ಬರೂ ಉಬ್ಬುತ್ತಾರೆ.

ಈ ಲೋಕವನ್ನು ಗಂಭೀರವಾಗಿ ತೆಗೆದುಕೊಂಡ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್. 1855ರಲ್ಲಿ ಅವರು ಕೆಂಟ್ ಪ್ರಾಂತ್ಯದ ತಮ್ಮ ಮನೆಯಲ್ಲಿ ಪಾರಿವಾಳ ಸಾಕಲು ತೊಡಗಿದರು. ಲಂಡನ್ನಿನ ಎರಡು ಪಾರಿವಾಳ ಸಂಘಗಳಿಗೂ ಸೇರಿದರು. ಬೇಕೆಂದ ಗರಿಯನ್ನು ಮೂರು ವರ್ಷದಲ್ಲಿ ತರಿಸಬಲ್ಲೆ, ತಲೆ ಮತ್ತು ಕೊಕ್ಕಿಗಾದರೆ ಆರು ವರ್ಷ ಬೇಕು ಎಂದು ಹೆಸರಾಂತ ತಳಿಗಾರ ಸರ್ ಜಾನ್ ಸೆಬ್ರೈಟ್ ಹೇಳುತ್ತಿದ್ದುದನ್ನು ಡಾರ್ವಿನ್ 1859ರ ತಮ್ಮ ‘ಆನ್ ದಿ ಒರಿಜಿನ್ ಆಫ್ ಸ್ಪೀಷೀಸ್’ ಗ್ರಂಥದಲ್ಲಿ ದಾಖಲಿಸಿದ್ದಾರೆ. ಅಕ್ಬರನ ಆಸ್ಥಾನದೊಡನೆ ಇಪ್ಪತ್ತು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಪಾರಿವಾಳಗಳು ಸಾಗುತ್ತಿದ್ದವೆಂಬುದನ್ನೂ ಮರೆತಿಲ್ಲ. ಆದರೆ ಅವರ ಬರಹದಲ್ಲಿ ನನಗೆ ಅತ್ಯಂತ ರುಚಿಸುವ ಮಾತು ಬೇರೆಯದು. ಈ ತಳಿಗಳೆಲ್ಲ ಬಂಡೆಗಳಲ್ಲಿ ಗೂಡು ಕಟ್ಟುವ ಒಂದೇ ಕಾಡು ಪಾರಿವಾಳದಿಂದ ಬಂದವು ಎಂದು ಡಾರ್ವಿನ್ ವಾದಿಸುತ್ತಿದ್ದಾಗ, ತಳಿಗಾರರು ಮಾತ್ರ ತಮ್ಮ ತಮ್ಮ ತಳಿ ಮೊದಲಿನಿಂದಲೇ ಬೇರೆಯಾದ ಕಾಡು ಮೂಲದಿಂದ ಬಂದದ್ದೆಂದು ದೃಢವಾಗಿ ನಂಬಿದ್ದರಂತೆ. ಹೇಳಿದ ಗರಿಯನ್ನು ಹೇಳಿದ ವರ್ಷಕ್ಕೆ ಬರಿಸುವ ಕೈಗಳೇ ಇದರಲ್ಲಿ ನಮ್ಮ ಕೈವಾಡವೇನೂ ಇಲ್ಲವೆಂದು ಸಾಕ್ಷಿ ನುಡಿಯುತ್ತಿದ್ದವು. ಕುಲಗೋತ್ರದ ವಿಷಯದಲ್ಲಿ ಮನುಷ್ಯ ಎಲ್ಲ ದೇಶದಲ್ಲೂ ಒಂದೇ. ಗ್ರಂಥದ ಹಸ್ತಪ್ರತಿಯನ್ನು ಓದಿದ ಪಾದ್ರಿ ವಿಟ್‌ವೆಲ್ ಎಲ್ವಿನ್ ಅವರು, ವಿಕಾಸದ ಸಿದ್ಧಾಂತವನ್ನೆಲ್ಲ ಸದ್ಯಕ್ಕೆ ಬದಿಗಿಟ್ಟು ಪಾರಿವಾಳಗಳ ಬಗ್ಗೆಯೇ ಒಂದು ಪುಸ್ತಕ ಬರೆಯುವುದು ಒಳ್ಳೆಯದು, ಪಾರಿವಾಳವೆಂದರೆ ಎಲ್ಲರಿಗೂ ಆಸಕ್ತಿ ಎಂದು ಪ್ರಕಾಶಕರಿಗೆ ಸಲಹೆ ಕೊಟ್ಟರು. ಡಾರ್ವಿನ್ ಕೇಳಲಿಲ್ಲ. ಕೇಳಿದ್ದರೆ ಎಷ್ಟು ಜಗಳ ತಪ್ಪುತ್ತಿತ್ತು.

ಚೆಲುವಿನ ಖರ್ಚು ಗೂಡಿನ ಒಳಗೆ ತಿಳಿಯುತ್ತದೆ. ಮೋಟು ಮುಖದ ಟಂಬ್ಲರ್‌ಗೆ ಕೊಕ್ಕು ಚಿಕ್ಕದಾದಷ್ಟೂ ಅಂಕ ಹೆಚ್ಚು. ಆದರೆ ಮರಿ ಮೊಟ್ಟೆಯ ಚಿಪ್ಪನ್ನು ಒಡೆಯುವುದು ಕೊಕ್ಕಿನಿಂದಲೇ. ಅತ್ಯುತ್ತಮ ಹಕ್ಕಿಗಳ ಮರಿಗಳಲ್ಲಿ ಹೊರಬರುವವುಗಳಿಗಿಂತ ಮೊಟ್ಟೆಯೊಳಗೇ ಸಾಯುವವು ಹೆಚ್ಚೆಂದೂ, ಆದ್ದರಿಂದ ತಳಿಗಾರರೇ ಚಿಪ್ಪು ಬಿಡಿಸಿ ಸಹಾಯ ಮಾಡುತ್ತಾರೆಂದೂ ಡಾರ್ವಿನ್ನರ ಕಾಲದಲ್ಲೇ ಮಾತಿತ್ತು. ಹುಟ್ಟಿದ ಮೇಲೂ ಕಷ್ಟ ತಪ್ಪಿದ್ದಲ್ಲ. ಪಾರಿವಾಳದ ತಂದೆತಾಯಿ ಇಬ್ಬರೂ ಗಂಟಲ ಚೀಲದಲ್ಲಿ ಹಾಲಿನಂಥ ಗಟ್ಟಿ ಆಹಾರವನ್ನು ಉತ್ಪಾದಿಸಿ ಮರಿಯ ಬಾಯಿಗೆ ತುಂಬಿಸುತ್ತವೆ. ಮೋಟು ಕೊಕ್ಕಿನವರಿಗೆ ಇದು ಸರಿಯಾಗಿ ಒದಗುವುದಿಲ್ಲ. ಆಗ ದೂರದಿಂದ ಹಾರಿ ಮನೆಗೆ ಮರಳುವ ಹೋಮರ್‌ನಂಥ ಸಾಧಾರಣ, ಗಟ್ಟಿಮುಟ್ಟಾದ ಜೋಡಿಯ ಗೂಡಿಗೆ ಮೊಟ್ಟೆಯನ್ನು ಸಾಗಿಸಿ, ಅವುಗಳಿಂದ ಸಾಕಿಸುತ್ತಾರೆ. ಸಾಕಿದ ದಾದಿಗೆ ಜೋಳ, ಬಟಾಣಿ. ಸಾಕಿಸಿಕೊಂಡವನಿಗೆ ರೇಷ್ಮೆಯ ಪಟ್ಟಿ. ಜಾಕೊಬಿನ್ ಎಂಬ ಇನ್ನೊಂದು ತಳಿಗೆ ಕತ್ತಿನ ಸುತ್ತ ಗರಿಗಳ ದೊಡ್ಡ ಮುಸುಕಿದೆ. ಮುಖ ಕಾಣಿಸದಷ್ಟು ಸೊಂಪಾಗಿದ್ದರೆ ಚಾಂಪಿಯನ್. ಮರಿಮಾಡುವ ಕಾಲ ಬಂದಾಗ ಅದೇ ಮುಸುಕನ್ನು ಕತ್ತರಿಯಿಂದ ಕತ್ತರಿಸುತ್ತಾರೆ, ಸಂಗಾತಿಯೂ ಮರಿಯೂ ಕಣ್ಣಿಗೆ ಕಾಣಲಿ ಎಂದು.

ಇಷ್ಟಾದರೂ ಮೋಸಕ್ಕೆ ಇಲ್ಲಿ ಕ್ಷಮೆಯಿಲ್ಲ ಎಂಬುದನ್ನು ಹೇಳಲೇಬೇಕು. ಒಂದು ಗರಿಗೆ ಬಣ್ಣ ಹಚ್ಚಿದ್ದು ಪತ್ತೆಯಾದರೆ ಹಕ್ಕಿ ಅನರ್ಹ, ಒಡೆಯನಿಗೆ ಅವಮಾನ. ಕೃತಕವಾದದ್ದನ್ನು ಸಹಿಸುವುದಿಲ್ಲವೆಂಬುದು ನಿಯಮ. ತನ್ನ ಮೊಟ್ಟೆಯಿಂದ ತಾನೇ ಹೊರಬರಲಾಗದ, ತನ್ನ ಮರಿಯನ್ನು ತಾನೇ ಸಾಕಲಾಗದ, ಮುಂದಿರುವುದನ್ನು ನೋಡಲಾಗದ ಹಕ್ಕಿ ಸಹಜವಾದದ್ದು. ಹಚ್ಚಿದ ಬಣ್ಣ ಮಾತ್ರ ಕೃತಕ.

ಪ್ರದರ್ಶನದ ಸಭಾಂಗಣದ ಹೊರಗೆ, ಮೆಟ್ಟಿಲ ಮೇಲೆ ಬಿದ್ದ ಬಿಸ್ಕತ್ತಿನ ಚೂರನ್ನು ಹೆಕ್ಕುತ್ತಿರುವ ಬೂದು ಹಕ್ಕಿಯೂ ಇದೇ ಜಾತಿಯದು. ಅದಕ್ಕೆ ಉಂಗುರವಿಲ್ಲ, ಶಾಂಪೂ ಇಲ್ಲ, ಹುದ್ದೆಯೂ ಇಲ್ಲ. ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಅದಕ್ಕೆ ಕಾಳು ಹಾಕುವುದನ್ನು 2003ರಲ್ಲಿ ನಿಷೇಧಿಸಲಾಯಿತು. ಯುದ್ಧದಲ್ಲಿ ದುಡಿದ ಪ್ರಾಣಿಗಳಿಗೆಂದು 1943ರಲ್ಲಿ ಅದೇ ದೇಶದಲ್ಲಿ ಆರಂಭವಾದ ಡಿಕಿನ್ ಪದಕವನ್ನು ಆ ದಶಕದಲ್ಲಿ ಪಡೆದ ಪಾರಿವಾಳಗಳು 32. ಎಲ್ಲವೂ ಸಂದೇಶ ಹೊರಲು ಪಳಗಿದ, ಮನೆಯ ದಾರಿ ಬಲ್ಲ ಹೋಮರ್‌ಗಳು. ಗುಂಡೇಟಿಗೆ ರೆಕ್ಕೆ ಹರಿದು ಬಂದ ಅಂಥ ಹಕ್ಕಿಯನ್ನು ಪ್ರದರ್ಶನಕ್ಕಿಟ್ಟಿದ್ದರೆ ಗರಿಯ ದೋಷಕ್ಕಾಗಿ ಮೊದಲ ಸುತ್ತಿನಲ್ಲೇ ಕೆಳಗಿಳಿಸುತ್ತಿದ್ದರು. ಬೆಂಗಳೂರಿನಲ್ಲಿ ಹೋಮರ್ ಪಂದ್ಯ ನಡೆಸುವ ಸಂಘಗಳವರು ಇನ್ನೂ ಹಳೆಯ ಕಾಲದವರು: ದೂರದ ಊರಲ್ಲಿ ಬಿಟ್ಟ ಹಕ್ಕಿ ಮನೆಗೆ ಬಂದು ಸೇರಬೇಕೆಂಬ ಒರಟು ಷರತ್ತನ್ನೇ ಹಿಡಿದುಕೊಂಡು ಕೂತಿದ್ದಾರೆ.

ಬ್ರಿಟನ್ನಿನ ಪ್ರದರ್ಶನಗಳಲ್ಲಿ ಈ ಕೊರತೆಯನ್ನು ನೀಗಿಸುವಂತೆ ‘ಜೆನ್ಯೂಯಿನ್ ಹೋಮರ್’ ಎಂಬ ತಳಿಯೂ ಇದೆ. ಹೆಸರಿನಂತೆ ಇದು ಮನೆಗೆ ಮರಳುವುದರಲ್ಲಿ ಅಪ್ಪಟ. ಬಹುಮಾನ ವಿತರಣೆ ಮುಗಿದ ಮೇಲೆ ಒಡೆಯ ಅದನ್ನು ಬುಟ್ಟಿಗೆ ಹಾಕಿ, ಮುಚ್ಚಳ ಭದ್ರಪಡಿಸಿ, ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಬೆಲ್ಟ್ ಬಿಗಿದು, ತನ್ನ ಮನೆಗೆ ಹೋಗುವ ದಾರಿಯನ್ನು ಫೋನಿನಲ್ಲಿ ಹಾಕಿಕೊಳ್ಳುತ್ತಾನೆ.