ಚಿವುಟುವ ಕೈ, ತೂಗುವ ಕೈ

ನಾಲಿಗೆಯ ಮೇಲೆ ಹಿಡಿತ ಇರಬೇಕು ಎಂದು ಬುದ್ಧಿ ಹೇಳುವವರಿಗೆ ಲೋಕದಲ್ಲಿ ಯಾವತ್ತೂ ಬರ ಬಂದಿಲ್ಲ. ವೈದ್ಯರು ಹೇಳುತ್ತಾರೆ, ಮಂತ್ರಿಗಳು ಹೇಳುತ್ತಾರೆ, ಬೆಳಗಿನ ವಾಕಿಂಗಿನಲ್ಲಿ ಸಿಕ್ಕವರು ಕೇಳದೆಯೇ ಹೇಳುತ್ತಾರೆ. ಈಗೀಗ ಚಿಪ್ಸ್ ಪೊಟ್ಟಣವೂ ಹೇಳತೊಡಗಿದೆ. ಅದರ ಬೆನ್ನ ಮೇಲೆ, ಇರುವೆಗೂ ಕನ್ನಡಕ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ, ‘ಸಮತೋಲನ ಆಹಾರದ ಭಾಗವಾಗಿ ಮಿತವಾಗಿ ಸೇವಿಸಿ’ ಎಂದಿರುತ್ತದೆ. ಎದೆಯ ಮೇಲೆ ಮಾತ್ರ ಅಂಗೈಯಗಲದ ಅಕ್ಷರ: ‘ಫ್ಯಾಮಿಲಿ ಪ್ಯಾಕ್! ಈಗ ಇನ್ನೂ ಹೆಚ್ಚು!’ ಆ ಫ್ಯಾಮಿಲಿ ಪ್ಯಾಕನ್ನು ಒಬ್ಬನೇ ಕೂತು ಮುಗಿಸಿದವನಿಗೆ ಸಂಯಮ ಇಲ್ಲ ಎಂದು ತೀರ್ಪು ಕೊಟ್ಟು ನಾವು ಮುಂದಕ್ಕೆ ಹೋಗುತ್ತೇವೆ.

ಪಾಪ, ಅಂಗಡಿಯದೇನು ತಪ್ಪು? ಅದು ಇಟ್ಟಿತು, ಅಷ್ಟೆ. ಎತ್ತಿಕೊಂಡವರು ನೀವು. ಅಂಗಡಿಗೆ ಕೈಯಿದೆಯೇ, ನಿಮ್ಮ ಬಾಯಿಗೆ ತುರುಕಿತೇ? ಈ ವಾದವನ್ನು ತಲೆಬಾಗಿ ಒಪ್ಪಿಕೊಂಡೇ ಒಳಗೆ ಹೋಗೋಣ ಬನ್ನಿ. ಚೀಟಿಯಲ್ಲಿ ಇರುವುದು ಹಾಲು, ಸೊಪ್ಪು, ಉಪ್ಪು. ಮೂರೇ ಸಾಮಾನು.

ದೊಡ್ಡ ಸೂಪರ್‌ಮಾರ್ಕೆಟ್ ಎಂದಮೇಲೆ ಬಾಗಿಲಲ್ಲೇ ಹಣ್ಣು, ತರಕಾರಿ. ಮೇಲಿನಿಂದ ನೀರಿನ ತುಂತುರು, ಟೊಮೆಟೊ ಮುಖಕ್ಕೆ ಬೀಳುವಂತೆ ವಿಶೇಷ ಬೆಳಕು. ಅಂಗಡಿಯವನಿಗೆ ನಮ್ಮ ಆರೋಗ್ಯದ ಮೇಲೆ ಎಷ್ಟು ಕಾಳಜಿ! ಒಂದು ಕಟ್ಟು ಸೊಪ್ಪು ಗಾಡಿಗೆ ಬಿದ್ದ ತಕ್ಷಣ ಮನಸ್ಸಿಗೆ ತೀರ್ಥಯಾತ್ರೆ ಮುಗಿಸಿದ ಸಮಾಧಾನ ಬರುತ್ತದೆ. ಹಾಗೆ ಗಳಿಸಿದ ಪುಣ್ಯವನ್ನು ಖರ್ಚು ಮಾಡಲೆಂದೇ ಮುಂದಿನ ಸಾಲುಗಳಿವೆ.

ಇನ್ನು ಹಾಲು. ಹಾಲು ಇರುವುದು ಕಟ್ಟಕಡೆಯ ಗೋಡೆಗೆ. ಅಲ್ಲಿಗೆ ಹೋಗಬೇಕಾದರೆ ಬಿಸ್ಕತ್ತಿನ ಬೀದಿ ಹಾಯಬೇಕು, ಚಾಕೊಲೇಟಿನ ಅಡ್ಡರಸ್ತೆ ದಾಟಬೇಕು. ಯಾಕಪ್ಪಾ ಹೀಗೆ ಎಂದರೆ, ಹಾಲು ಕೆಡುವ ಪದಾರ್ಥ, ಹಿಂಬಾಗಿಲಿನಿಂದ ಇಳಿಸಿ ನೇರವಾಗಿ ಫ್ರಿಜ್ಜಿಗೆ ಇಡಲು ಅನುಕೂಲ ಎನ್ನುತ್ತಾರೆ. ಒಪ್ಪೋಣ. ಆದರೆ ತಂಪು ಪಾನೀಯದ ಫ್ರಿಜ್ಜು ಬಾಗಿಲ ಬಳಿಯೂ ಇರುತ್ತದೆ, ಬಿಲ್ ಕೌಂಟರಿನ ಮಗ್ಗುಲಲ್ಲೂ ಇರುತ್ತದೆ. ಅದಕ್ಕೆ ಸಿಗುವ ಕರೆಂಟು ಹಾಲಿಗೆ ಮಾತ್ರ ಯಾಕೆ ಸಿಗುವುದಿಲ್ಲವೋ, ದೇವರೇ ಬಲ್ಲ.

ಇದೇನೂ ಇವತ್ತು ನಿನ್ನೆಯ ವಿದ್ಯೆಯಲ್ಲ. 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ‘ಪಿಗ್ಲಿ ವಿಗ್ಲಿ’ ಎಂಬ ಅಂಗಡಿ ತೆರೆದ. ಅಲ್ಲಿಯವರೆಗೆ ಗಿರಾಕಿ ಗಲ್ಲೆಯ ಈಚೆ ನಿಂತು ಚೀಟಿ ಓದುತ್ತಿದ್ದ, ಆಚೆ ನಿಂತವನು ತೂಗಿ ಕಟ್ಟಿಕೊಡುತ್ತಿದ್ದ. ಸಾಂಡರ್ಸ್ ಆಚೆ ನಿಂತವನನ್ನು ತೆಗೆದುಹಾಕಿ, ನೀವೇ ತೆಗೆದುಕೊಳ್ಳಿ ಎಂದ. ಸ್ವಾತಂತ್ರ್ಯ! ಮರುವರ್ಷ ಆ ಅಂಗಡಿಯ ನಕ್ಷೆಗೆ ಪೇಟೆಂಟ್ ಕೂಡ ಸಿಕ್ಕಿತು. ಒಂದು ಕಡೆಯಿಂದ ಒಳಗೆ ಬಂದವನು ಇನ್ನೊಂದು ಕಡೆಯಿಂದ ಹೊರಬೀಳಬೇಕಾದರೆ ಎಲ್ಲ ಸರಕಿನ ಮುಂದೆಯೂ ಹಾದು ಬರಲೇಬೇಕು, ನಡುವೆ ತಪ್ಪಿಸಿಕೊಳ್ಳುವಂತಿಲ್ಲ. ಸ್ವಂತ ಇಚ್ಛೆಯಿಂದ ನಡೆಯುವ ಗಿರಾಕಿಗೆ ದಾರಿ ಮಾತ್ರ ಒಂದೇ. 1937ರಲ್ಲಿ ಓಕ್ಲಹೋಮಾದ ಸಿಲ್ವನ್ ಗೋಲ್ಡ್‌ಮನ್, ಗಿರಾಕಿಗಳು ಬುಟ್ಟಿ ಭಾರವಾದ ಕೂಡಲೇ ಕೊಳ್ಳುವುದನ್ನು ನಿಲ್ಲಿಸುತ್ತಾರಲ್ಲ ಎಂದು ಕೊರಗಿ, ಬುಟ್ಟಿಗೆ ಚಕ್ರ ಕಟ್ಟಿದ. ಜನ ಮೊದಮೊದಲು ಅದನ್ನು ಮುಟ್ಟಲಿಲ್ಲವಂತೆ. ಆಗ ಆತ ಸಂಬಳ ಕೊಟ್ಟು ಮಂದಿಯನ್ನು ಕರೆಸಿ, ಗಿರಾಕಿಗಳ ವೇಷದಲ್ಲಿ ಅಂಗಡಿಯೊಳಗೆ ಗಾಡಿ ತಳ್ಳಿಸಿದ. ಇವತ್ತು ಮೂರು ಸಾಮಾನಿಗೆ ಬಂದ ನಾವು ಮೂವತ್ತು ಹಿಡಿಸುವ ಗಾಡಿ ತಳ್ಳುತ್ತಿದ್ದೇವೆ, ಅದೂ ಬಿಟ್ಟಿ.

ಅಂಗಡಿಯಲ್ಲಿ ಅತಿ ತುಟ್ಟಿಯ ವಸ್ತು ಯಾವುದು ಎಂದರೆ ಕಪಾಟಿನ ಜಾಗ. ಕಣ್ಣಿಗೆ ನೇರವಾಗಿರುವ ಹಲಗೆ, ಸಾಲಿನ ತುದಿಯ ಗೋಪುರ, ಕೌಂಟರಿನ ಪಕ್ಕದ ಸ್ಟ್ಯಾಂಡು, ಇವು ಸುಮ್ಮನೆ ಸಿಗುವುದಿಲ್ಲ. ಎಷ್ಟೋ ಕಡೆ ತಯಾರಕರು ದುಡ್ಡು ಕೊಟ್ಟೇ ಆ ಜಾಗ ಹಿಡಿಯುತ್ತಾರೆ. ಈಗ ಬದನೆಕಾಯಿಯ ಗತಿ ನೋಡಿ. ಅದಕ್ಕೆ ಕಂಪನಿ ಇಲ್ಲ, ಮಾರ್ಕೆಟಿಂಗ್ ಮ್ಯಾನೇಜರ್ ಇಲ್ಲ, ಹುಲಿಯ ಚಿತ್ರವಿಲ್ಲ, ಒಳಗೆ ಆಟಿಕೆಯೂ ಇಲ್ಲ. ಕಣ್ಣಳತೆಯ ಹಲಗೆಗೆ ಯಾರು ಬಾಡಿಗೆ ಕಟ್ಟಬೇಕು? ಬಣ್ಣಬಣ್ಣದ ಸಿಹಿ ಸೀರಿಯಲ್ ಡಬ್ಬಿಗಳು ಕಣ್ಣಳತೆಗಿಂತ ತುಸು ಕೆಳಗಿರುತ್ತವೆ, ಅಲ್ಲಿಗೆ ಬೇರೆಯೇ ಕಣ್ಣುಗಳಿವೆ. ಸಕ್ಕರೆ ಹಾಕದ ಓಟ್ಸ್ ಬೇಕೆಂದವನು ಮಂಡಿಯೂರಬೇಕು. ಆರೋಗ್ಯಕ್ಕೆ ಬಗ್ಗಿ ಏಳುವುದು ಒಳ್ಳೆಯದು ಎಂದು ಅಂಗಡಿಯವನಿಗೆ ಗೊತ್ತಿರಬೇಕು.

ದೊಡ್ಡ ಅಂಗಡಿಯದು ದೊಡ್ಡ ಆಟವಾಯಿತು, ಬೀದಿ ಮೂಲೆಯ ಚಿಕ್ಕ ಅಂಗಡಿಯವರಾದರೂ ನಮ್ಮವರಲ್ಲವೇ ಎನ್ನುತ್ತೀರಿ. ನಮ್ಮವರೇ. ಅವರ ಲೆಕ್ಕ ಸ್ವಲ್ಪ ಕೇಳಿಸಿಕೊಳ್ಳಿ. ಸೊಪ್ಪು ತಂದರೆ ಸಂಜೆಗೆ ತಲೆ ಬಾಗುತ್ತದೆ, ಮರುದಿನ ತಿಪ್ಪೆಗೆ ಹೋಗುತ್ತದೆ, ನಷ್ಟ ಅಂಗಡಿಯವರದೇ. ಸಾರಜನಕ ತುಂಬಿ ಊದಿಸಿದ ಚಿಪ್ಸ್ ಪೊಟ್ಟಣ ತಿಂಗಳುಗಟ್ಟಲೆ ಮೊಳೆಗೆ ನೇತಾಡಿಕೊಂಡು ಗಿರಾಕಿಯ ದಾರಿ ಕಾಯುತ್ತದೆ. ಅದನ್ನು ತರಲು ಅವರು ಬೆಳಗಿನ ಜಾವ ಮಂಡಿಗೆ ಓಡಬೇಕಿಲ್ಲ, ಏಜೆಂಟನೇ ಬಾಗಿಲಿಗೆ ತಂದು ಕೊಡುತ್ತಾನೆ, ಎಷ್ಟೋ ಸಲ ಸಾಲಕ್ಕೂ ಕೊಡುತ್ತಾನೆ. ಪಾನೀಯದ ಕಂಪನಿ ಫ್ರಿಜ್ಜನ್ನೇ ಪುಕ್ಕಟೆ ಕೊಡುತ್ತದೆ, ಒಳಗೆ ತನ್ನ ಬಾಟಲಿಯೇ ಇರಬೇಕೆಂಬ ಒಂದು ಸಣ್ಣ ವಿನಂತಿಯೊಂದಿಗೆ. ಈ ವಿನಂತಿ ಯುರೋಪಿನಲ್ಲಿ ತುಸು ಜೋರಾದಾಗ ಐರೋಪ್ಯ ಒಕ್ಕೂಟದ ಆಯೋಗ ನಡುವೆ ಬಾಯಿ ಹಾಕಿತು. ಅಂಗಡಿಯಲ್ಲಿ ಬೇರೆ ಫ್ರಿಜ್ಜು ಇಲ್ಲದಿದ್ದರೆ, ತಾನು ಬಿಟ್ಟಿ ಕೊಟ್ಟ ಫ್ರಿಜ್ಜಿನಲ್ಲಿ ಕನಿಷ್ಠ 20% ಜಾಗವನ್ನು ಬೇರೆ ಸರಕಿಗೆ ಬಿಟ್ಟುಕೊಡುವುದಾಗಿ ಕೋಕಾ-ಕೋಲಾ 2005ರಲ್ಲಿ ಮಾತು ಕೊಟ್ಟಿತು. ನ್ಯಾಯ ಗೆದ್ದಿತು. ಗೆದ್ದ ಜಾಗದಲ್ಲಿ ಎದುರಾಳಿ ಕಂಪನಿಯ ಸಕ್ಕರೆ ನೀರು ಕೂರಲು ಅಡ್ಡಿಯಿಲ್ಲ. ಸೊಪ್ಪಿಗೆ ಫ್ರಿಜ್ಜು ಕೊಡಿಸುವ ಕೇಸನ್ನು ಹಾಕಲು ಇನ್ನೂ ಯಾವ ಸೊಪ್ಪೂ ಮುಂದೆ ಬಂದಿಲ್ಲ.

ಅಂದಹಾಗೆ ಆ ಸಕ್ಕರೆ ನೀರಿನ ಲೆಕ್ಕ. ಬೇರೆಯಾಗಿ ಸೇರಿಸಿದ ಸಕ್ಕರೆ, ಜೇನು ಮತ್ತು ಹಣ್ಣಿನ ರಸದ ಸಕ್ಕರೆ ಎಲ್ಲ ಕೂಡಿ ದಿನದ ಒಟ್ಟು ಶಕ್ತಿಯ 10% ದಾಟಬಾರದು, 5%ಕ್ಕಿಂತ ಕಡಿಮೆಯಿದ್ದರೆ ಇನ್ನೂ ಮೇಲು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಆ ಎರಡನೆಯ ಅಳತೆ ವಯಸ್ಕರಿಗೆ ಸುಮಾರು 25 ಗ್ರಾಂ ಆಗುತ್ತದೆ. 330 ಮಿಲಿಲೀಟರಿನ ಒಂದು ಕೋಲಾ ಡಬ್ಬಿಯಲ್ಲೇ ಸುಮಾರು 35 ಗ್ರಾಂ. ಮುಚ್ಚಳ ತೆರೆದು ಕುಡಿದು ಕೆಳಗಿಡುವಷ್ಟರಲ್ಲಿ ನಾಳೆಯ ಪಾಲಿಗೂ ಕೈ ಹಾಕಿ ಆಗಿರುತ್ತದೆ.

ಕೌಂಟರಿಗೆ ಬರೋಣ. ಇಡೀ ಅಂಗಡಿಯ ಕಲೆಗಾರಿಕೆ ಕಾಣುವುದು ಇಲ್ಲಿ. ಸಾಲು ಮುಂದೆ ಹೋಗುತ್ತಿಲ್ಲ, ಹಿಂದೆ ಸರಿಯುವಂತಿಲ್ಲ, ಎರಡೂ ಪಕ್ಕ ಮಿಠಾಯಿ. ಗಾಡಿಯಲ್ಲಿ ಮಗು ಕೂರುವ ಜಾಗವೊಂದಿದೆಯಲ್ಲ, ಅಲ್ಲಿ ಕೂತರೆ ಬಲಗೈ ಚಾಚಿದಷ್ಟು ದೂರಕ್ಕೆ ಚಾಕೊಲೇಟು, ಎಡಗೈಗೆ ಅಂಟುಮಿಠಾಯಿ. ಟೇಪು ಹಿಡಿದು ಅಳೆದವನು ಯಾರೋ, ಬಡಗಿಯಾಗಿದ್ದರೆ ಒಳ್ಳೆ ಹೆಸರು ಮಾಡುತ್ತಿದ್ದ.

“ಅಮ್ಮಾ, ಇದು.”

“ಬೇಡ ಪುಟ್ಟಾ, ಆಮೇಲೆ ಊಟ ಸೇರಲ್ಲ.”

“ಅಮ್ಮಾ, ಇದೂ!”

ಮಗು ತನ್ನ ಕಛೇರಿಗೆ ಶ್ರುತಿ ಹಿಡಿಯುತ್ತದೆ. ಹಿಂದಿನವರು ಕೆಮ್ಮುತ್ತಾರೆ. ಮುಂದಿನ ಅಜ್ಜಿ ತಿರುಗಿ, “ಕೊಡಿಸಮ್ಮಾ, ಮಗು ಅಲ್ವಾ” ಎಂದು ಔದಾರ್ಯ ತೋರಿಸುತ್ತಾರೆ. ಅಮ್ಮ ಸೋಲುತ್ತಾಳೆ. ಆಗ ಬಿಲ್ಲು ಹಾಕುವ ಹುಡುಗ, ಅವನಿಗೂ ಮೇಲಿನವರ ಅಪ್ಪಣೆ ಪಾಪ, “ಮೇಡಂ, ಇನ್ನೊಂದು ತಗೊಂಡ್ರೆ ಮೂರನೇದು ಫ್ರೀ” ಎನ್ನುತ್ತಾನೆ. ಒಂದೂ ಬೇಡವಾಗಿದ್ದವಳು ಮೂರು ಹಿಡಿದು, ಒಂದು ಉಳಿಸಿದ ಸಂಭ್ರಮದಲ್ಲಿ ಹೊರಡುತ್ತಾಳೆ. ಸಂಜೆ ಯಾವುದೋ ಟೀವಿ ಚರ್ಚೆಯಲ್ಲಿ, ಈಗಿನ ತಾಯಂದಿರಿಗೆ ಮಕ್ಕಳನ್ನು ಬೆಳೆಸಲು ಬರುವುದಿಲ್ಲ ಎಂದು ತಜ್ಞರೊಬ್ಬರು ಮರುಗುತ್ತಾರೆ.

ಹಾಗಾದರೆ ಸಂಯಮ ಅನ್ನುವುದು ಇಲ್ಲವೇ ಇಲ್ಲವೇ? ಇದೆ, ಆದರೆ ವಿಚಿತ್ರ ಪ್ರಾಣಿ ಅದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಮಂದಿಯನ್ನು ನಾಲ್ಕು ವಾರ ಒಳಗೇ ಇರಿಸಿಕೊಂಡು ಉಣಿಸಿ ನೋಡಿದರು. ಎರಡು ವಾರ ಕಾರ್ಖಾನೆಯ ಅತಿ ಸಂಸ್ಕರಿತ ತಿಂಡಿ ಊಟ, ಇನ್ನೆರಡು ವಾರ ಮಾಮೂಲಿ ಪದಾರ್ಥಗಳಿಂದ ಬೇಯಿಸಿದ ಊಟ. ಮುಂದಿಟ್ಟ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎಲ್ಲವೂ ಎರಡು ಕಡೆಯೂ ಹೆಚ್ಚುಕಡಿಮೆ ಸಮ. ಎಷ್ಟು ಬೇಕೋ ಅಷ್ಟು ತಿನ್ನಿ ಎಂದರು. ಕಾರ್ಖಾನೆಯ ಊಟದ ದಿನಗಳಲ್ಲಿ ಆ ಮಂದಿ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚಿಗೆ ತಿಂದರು, ಎರಡು ವಾರದಲ್ಲಿ ಹತ್ತಿರಹತ್ತಿರ ಒಂದು ಕಿಲೋ ತೂಕ ಏರಿತು. ಇನ್ನೊಂದು ಊಟದಲ್ಲಿ ಅಷ್ಟೇ ಇಳಿಯಿತು. 2019ರಲ್ಲಿ ಇದು ಪ್ರಕಟವಾಯಿತು. ಅದೇ ಜನ, ಅದೇ ಬಾಯಿ. ತಟ್ಟೆ ಬದಲಾದ ದಿನವೇ ಅವರ ಇಪ್ಪತ್ತೂ ಸಂಕಲ್ಪಗಳು ಒಟ್ಟಿಗೆ ರಜೆ ಹಾಕಿ ಹೋದವೆಂದು ನಂಬುವವರು ನಂಬಲಿ.

ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವವರ ವಿಷಯ ಹೇಳದೆ ಹೋದರೆ ಅವರಿಗೆ ಅನ್ಯಾಯವಾದೀತು. ಕೆಚಪ್ಪಿಗೆ ಹೆಸರಾದ ಹೈನ್ಜ್ ಕಂಪನಿ 1978ರಲ್ಲಿ ‘ವೆಯ್ಟ್ ವಾಚರ್ಸ್’ ಎಂಬ ತೂಕ ಇಳಿಸುವ ಸಂಸ್ಥೆಯನ್ನು ಕೊಂಡು 1999ರವರೆಗೆ ನಡೆಸಿತು. ಚಾಕೊಲೇಟಿನ ನೆಸ್ಲೆ 2006ರಲ್ಲಿ ‘ಜೆನ್ನಿ ಕ್ರೇಗ್’ ಎಂಬ ಇನ್ನೊಂದನ್ನು ಕೊಂಡಿತು. ಇವರೆಲ್ಲರನ್ನೂ ಮೀರಿಸಿದ್ದು ಯೂನಿಲಿವರ್. 2000ನೇ ಇಸವಿಯ ಏಪ್ರಿಲ್‌ನ ಒಂದೇ ದಿನ ಅದು ಎರಡು ಖರೀದಿ ಘೋಷಿಸಿತು. ಒಂದು ‘ಬೆನ್ ಅಂಡ್ ಜೆರೀಸ್’ ಐಸ್‌ಕ್ರೀಮು, ಮತ್ತೊಂದು ‘ಸ್ಲಿಮ್‌ಫಾಸ್ಟ್’ ತೂಕ ಇಳಿಸುವ ಪುಡಿ. ಹೋಗುವ ದಾರಿಯಲ್ಲೂ ಟೋಲು, ಬರುವ ದಾರಿಯಲ್ಲೂ ಟೋಲು. ಆಸ್ಪತ್ರೆಯ ಪಡಸಾಲೆಯಲ್ಲಿ ಮಿಠಾಯಿ ಉದುರಿಸುವ ಮೆಷಿನ್ನು ನಿಲ್ಲಿಸಿ, ಮೇಲಿನ ಮಹಡಿಯಲ್ಲಿ ಮಧುಮೇಹದ ವಾರ್ಡು ತೆರೆಯುವವರೂ ಇದೇ ಪರಂಪರೆಯವರು. ಔಷಧಿ ಅಂಗಡಿಯ ಗಲ್ಲೆಯ ಮೇಲಿನ ಚಾಕೊಲೇಟ್ ಬರಣಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ಚಿಲ್ಲರೆಗೆ ಬದಲು ಅದನ್ನೇ ಕೊಡುತ್ತಾರೆ, ಕೈ ಮುಗಿದು ಈಸಿಕೊಳ್ಳುತ್ತೇವೆ.

ಸರ್ಕಾರಗಳು ಸುಮ್ಮನೆ ಕೂತಿಲ್ಲ. ಚಿಲಿ ದೇಶ 2016ರಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪೊಟ್ಟಣಗಳ ಎದೆಯ ಮೇಲೆಯೇ ಕರಿಯ ಎಂಟುಮೂಲೆಯ ಮುದ್ರೆ ಒತ್ತಿಸಿ, ಅವುಗಳ ಮೇಲಿನ ಕಾರ್ಟೂನು ಪ್ರಾಣಿಗಳನ್ನು ಓಡಿಸಿತು. ಇಂಗ್ಲೆಂಡು 2022ರ ಅಕ್ಟೋಬರ್‌ನಿಂದ ದೊಡ್ಡ ಅಂಗಡಿಗಳ ಬಾಗಿಲು, ಸಾಲಿನ ತುದಿ ಮತ್ತು ಕೌಂಟರಿನಿಂದ ಇಂಥ ತಿನಿಸುಗಳನ್ನು ಎಬ್ಬಿಸಿತು. ‘ಒಂದು ಕೊಂಡರೆ ಒಂದು ಉಚಿತ’ಕ್ಕೂ ಅದೇ ತಿಂಗಳು ಕಡಿವಾಣ ಬೀಳಬೇಕಿತ್ತು. ಆದರೆ ಜನರ ಬದುಕು ದುಬಾರಿಯಾಗಿದೆ, ಇಂಥ ಹೊತ್ತಿನಲ್ಲಿ ಬಡವರ ಚಿಪ್ಸಿಗೆ ಕೈ ಹಾಕುವುದೇ ಎಂಬ ದಯೆ ಉಕ್ಕಿ, ಅದು ಮುಂದೆ ಹೋಗುತ್ತಾ ಹೋಗುತ್ತಾ 2025ರ ಅಕ್ಟೋಬರ್ ಮುಟ್ಟಿತು. ಬದುಕು ದುಬಾರಿಯಾದಾಗ ಸೇಬು ಒಂದು ಕೊಂಡರೆ ಒಂದು ಉಚಿತ ಕೊಡಿ ಎಂದು ಅಂಗಡಿಗಳಿಗೆ ಹೇಳುವ ದಯೆ ಮಾತ್ರ ಯಾರಲ್ಲೂ ಉಕ್ಕಲಿಲ್ಲ.

ಅಮೆರಿಕದವರದು ನಕ್ಷೆಯ ದಾರಿ. ನಗರದಲ್ಲಿ 1 ಮೈಲಿ, ಹಳ್ಳಿಗಾಡಿನಲ್ಲಿ 10 ಮೈಲಿ ಒಳಗೆ ಸೂಪರ್‌ಮಾರ್ಕೆಟ್ ಇಲ್ಲದ ಬಡವರ ಕೇರಿಗಳನ್ನು ಗುರುತಿಸಿ ಬಣ್ಣ ಬಳಿದರು, ಅಂಥಲ್ಲಿ ಹೊಸ ಅಂಗಡಿ ತೆರೆಸಿದರು. ಹೊಸ ಅಂಗಡಿ ಬಂದ ಮೇಲೂ ಜನ ಕೊಳ್ಳುವುದು ಅಷ್ಟೇನೂ ಬದಲಾಗಲಿಲ್ಲ ಎಂದು 2019ರ ಇನ್ನೊಂದು ದೊಡ್ಡ ಅಧ್ಯಯನ ಲೆಕ್ಕ ಹಾಕಿತು. ಬಲ್ಲಿದರಿಗೆ ಸಿಗುವ ಸರಕು, ಸಿಗುವ ಬೆಲೆಯೇ ಬಡವರಿಗೂ ಸಿಕ್ಕರೆ ಇಬ್ಬರ ಊಟದ ಅಂತರ ಇಳಿಯುವುದು ಸುಮಾರು 10% ಮಾತ್ರವಂತೆ. ಇದು ನನ್ನ ವಾದಕ್ಕೆ ಬೀಳುವ ಒಳ್ಳೆಯ ಪೆಟ್ಟು, ತಪ್ಪಿಸಿಕೊಳ್ಳುವುದಿಲ್ಲ. ‘ನೋಡಿದಿರಾ, ಜನರ ನಾಲಿಗೆಯೇ ಹಾಗಿದೆ’ ಎಂದು ಅಂಗಡಿಯ ಕಡೆಯವರು ಕುಣಿದಾಡಲಿ. ಹುಟ್ಟಿದಾಗ ಎಲ್ಲರಿಗೂ ಹಾಲಿನ ರುಚಿಯೊಂದೇ ಗೊತ್ತಿತ್ತು. ಹತ್ತಿಪ್ಪತ್ತು ವರ್ಷ ಗಾಡಿಯ ಸೀಟಿನಲ್ಲಿ, ಶಾಲೆಯ ಗೇಟಿನಲ್ಲಿ, ಜಾಹೀರಾತಿನ ಮುಂದೆ ಕೂರಿಸಿ ನಾಲಿಗೆಯನ್ನು ಪಳಗಿಸಿದ ಮೇಲೆ, ಒಂದು ದಿನ ಎದುರಿಗೆ ಹೂಕೋಸು ತಂದಿಟ್ಟು, ಆರಿಸಿಕೋ ಎಂದರೆ ಅದು ಏನು ತಾನೇ ಆರಿಸೀತು?

ಅಂತೂ ನಮ್ಮ ಗಾಡಿಗೆ ಹಾಲು ಬಂತು, ಸೊಪ್ಪು ಬಂತು. ಉಪ್ಪು ಬೇರೆ ಕೊಳ್ಳುವ ಅಗತ್ಯ ಬೀಳಲಿಲ್ಲ, ಮಿಕ್ಕ ಪೊಟ್ಟಣಗಳಲ್ಲಿ ಬೇಕಾದಷ್ಟಿತ್ತು. ಹೊರಡುವ ಮುನ್ನ ಅಂಗಡಿಯ ಮ್ಯಾನೇಜರರನ್ನು ಕಂಡು ಒಂದು ಸಲಹೆ ಕೊಡೋಣ ಅನ್ನಿಸಿತು. ಟೈ ಕಟ್ಟಿದ, ಮಾತು ಬಲ್ಲ ಮನುಷ್ಯ. “ಸಾರ್, ಜನ ತಮಗೆ ಬೇಕಾದ್ದನ್ನೇ ಕೊಳ್ಳೋದು, ಇಡೋ ಜಾಗದಿಂದ ಏನೂ ಆಗಲ್ಲ. ಆಯ್ಕೆ ಪೂರ್ತಿ ಗಿರಾಕಿದೇ” ಎಂದರು.

“ಹಾಗಾದ್ರೆ ಒಂದು ವಾರ ಕೌಂಟರ್ ಪಕ್ಕದ ಚಾಕೊಲೇಟ್ ತೆಗೆದು ಬಾಳೆಹಣ್ಣು ಇಡಿ. ಹೇಗಿದ್ರೂ ಜಾಗದಿಂದ ಏನೂ ಆಗಲ್ವಲ್ಲ.”

ಅವರು ಆಚೀಚೆ ನೋಡಿ, ದನಿ ತಗ್ಗಿಸಿದರು.

“ಅಯ್ಯೋ, ಅಲ್ಲಿಟ್ರೆ ಜನ ಬಾಳೆಹಣ್ಣೇ ತಗೊಂಡುಬಿಡ್ತಾರೆ ಸಾರ್!”