ನಮ್ಮನೆಯ ಎರಡು ಆರ್‌ಟಿಸಿ

"ಆರ್‌ಟಿಸಿ ಹಾಳಾಗಿದೆ" ಅಂತ ನಾನು ಜಗಲಿಯಲ್ಲಿ ನಿಂತು ಹೇಳಬಾರದಿತ್ತು. ಕವಳ ಹಾಕಲು ಕೂತಿದ್ದ ಅಪ್ಪಯ್ಯ ಸುಣ್ಣದ ಡಬ್ಬಿ ಬಿಟ್ಟು ಎದ್ದೇಬಿಟ್ಟರು. "ಎಂತ ಆಯ್ತೋ? ಯಾವ ಸರ್ವೆ ನಂಬರಿಂದು?"

ತೀರ್ಥಹಳ್ಳಿ ಕಡೆ ಆರ್‌ಟಿಸಿ ಅಂದರೆ ಪಹಣಿ. ಅದರಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸಬೇಕು. ಕಂಪ್ಯೂಟರಿನವರಿಗೆ ಅದೇ ಮೂರಕ್ಷರ ರಿಯಲ್ ಟೈಮ್ ಕ್ಲಾಕ್, ಅಂದರೆ ಒಳಗಿನ ಗಡಿಯಾರ. ನಮ್ಮನೆಯಲ್ಲಿ ಕೆಟ್ಟಿದ್ದು ಇದು. ಆದರೆ ತಮಾಷೆ ನೋಡಿ, ನಾನು ಅವತ್ತು ಕಂಪ್ಯೂಟರು ಹಾಕಿದ್ದೇ ಬೆಳೆಸಾಲಕ್ಕೆ ಒಂದು ಪಹಣಿ ತೆಗೆಯೋಣ ಅಂತ. ಈ ಆರ್‌ಟಿಸಿ ಸರಿಯಿಲ್ಲದೆ ಆ ಆರ್‌ಟಿಸಿ ಸಿಗುವಂತಿರಲಿಲ್ಲ.

ಯಾವ ತಾಣ ತೆರೆದರೂ ಸುರಕ್ಷಿತವಲ್ಲ ಅನ್ನುವ ಎಚ್ಚರಿಕೆ. ಮೂಲೆಯಲ್ಲಿ ನೋಡಿದರೆ ತಾರೀಕು 2012ರ ಜನವರಿ 1. ಆಗ ನನ್ನ ತಲೆಯಲ್ಲಿ ಕೂದಲಿತ್ತು. ತಾವು ಅಸಲಿ ಅಂತ ತಾಣಗಳು ತೋರಿಸುವ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. 2012ರಲ್ಲಿ ಕೂತ ಯಂತ್ರದ ಲೆಕ್ಕದಲ್ಲಿ ಈ ವರ್ಷದ ಪತ್ರ ಇನ್ನೂ ಹುಟ್ಟೇ ಇಲ್ಲ. ಹುಟ್ಟದವರನ್ನು ಹೇಗೆ ನಂಬುವುದು? ಅದರ ವಾದವೂ ಸರಿಯೇ ಅಲ್ವಾ.

ತಪ್ಪು ಹೊತ್ತು ನಮಗೆ ಹೊಸದಲ್ಲ. ಗೋಡೆಯ ಗಡಿಯಾರ ಯಾವಾಗಲೂ ಹತ್ತು ನಿಮಿಷ ಮುಂದೆ. ಬಸ್ಸು ತಪ್ಪಬಾರದು ಅಂತ. ಆ ಹತ್ತು ನಿಮಿಷ ಎಲ್ಲರಿಗೂ ಗೊತ್ತಿರುವುದರಿಂದ ಮನಸ್ಸಿನಲ್ಲೇ ಕಳೆದುಕೊಂಡು, ಕೊನೆಗೆ ಓಡಿಯೇ ಬಸ್ಸು ಹಿಡಿಯುತ್ತೇವೆ. ಅಪ್ಪಯ್ಯನ ವಾಚು ಭದ್ರಾವತಿ ಆಕಾಶವಾಣಿಯ ಕುಂಯ್ ಶಬ್ದಕ್ಕೆ ಹೊಂದಿಸಿದ್ದು. ಅದೊಂದೇ ಸರಿ ಅನ್ನುವುದು ಅವರ ಹಟ. ಹಾಗೆ ನೋಡಿದರೆ ಅದೂ ನಮ್ಮೂರಿನ ಹೊತ್ತಲ್ಲ. ದೇಶದ ಹೊತ್ತು ನಿಂತಿರುವುದು ಉತ್ತರಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖಾಂಶದ ಮೇಲೆ. ಶಿವಮೊಗ್ಗ ಅದಕ್ಕಿಂತ ಸುಮಾರು 7 ಡಿಗ್ರಿ ಪಶ್ಚಿಮಕ್ಕೆ. ಡಿಗ್ರಿಗೆ 4 ನಿಮಿಷದಂತೆ ನಮ್ಮ ಸೂರ್ಯ ಸುಮಾರು 28 ನಿಮಿಷ ತಡ. ಮಳೆಗಾಲದಲ್ಲಿ ಸೂರ್ಯ ಕಾಣುವುದೇ ಇಲ್ಲ ಅನ್ನಿ, ಆಗ ಯಾರೂ ಲೆಕ್ಕ ಕೇಳುವುದಿಲ್ಲ. ನಾವು ಇಷ್ಟನ್ನೆಲ್ಲ ಹೊಂದಿಸಿಕೊಂಡು ಹೋಗುತ್ತೇವೆ. ಕಂಪ್ಯೂಟರಿಗೆ ಮಾತ್ರ ಆ ದಾಕ್ಷಿಣ್ಯ ಇಲ್ಲ.

ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ. "ಎಷ್ಟು ತಪ್ಪು ತೋರಿಸ್ತಿದೆ ಮಾವ? ಸರಿಯಾಗಿ ಐದೂವರೆ ಗಂಟೆ ಹಿಂದಿದ್ರೆ ಟೈಮ್ ಝೋನ್ ತೊಂದರೆ. ವರ್ಷಗಟ್ಟಲೆ ಹಿಂದಿದ್ರೆ, ಕರೆಂಟಿಲ್ದಾಗ ಆ ಗಡಿಯಾರ ಓಡಿಸೋ ಸೆಲ್ ಹೋಗಿದೆ." ಕೈಯಾರೆ ತಾರೀಕು ತಿದ್ದಿ ನೋಡಿದೆ. ಸಂಜೆ ಕರೆಂಟು ಹೋಗಿ ಬಂತು, ಮತ್ತೆ 2012.

ಸೆಲ್ ಬೇಗ ಹೋಗಿದ್ದಕ್ಕೆ ಅಮ್ಮನೂ ಒಂದು ಕಾರಣ. ಆಗುಂಬೆ ದಿಕ್ಕಿನಲ್ಲಿ ಗುಡುಗಿದರೆ ಸಾಕು, ಇಲ್ಲಿ ಪ್ಲಗ್ಗು ಕಿತ್ತು ಹಾಕುತ್ತಾಳೆ. ಪ್ಲಗ್ಗು ಇದ್ದರೆ ಕಂಪ್ಯೂಟರು ಆಫ್ ಆಗಿದ್ದರೂ ತುಸು ಕರೆಂಟು ಒಳಗಿನ ಗಡಿಯಾರಕ್ಕೆ ಹೋಗುತ್ತಿರುತ್ತದೆ. ಕಿತ್ತ ಮೇಲೆ ಪೂರ್ತಿ ಭಾರ ಸೆಲ್ಲಿನ ಮೇಲೆ. ಹಾಗಂತ ಅಮ್ಮನಿಗೆ ಹೇಳಲು ಹೋಗಲಿಲ್ಲ. ಪಕ್ಕದ ಮನೆಯ ಟಿವಿ ಸಿಡಿಲಿಗೆ ಸುಟ್ಟಿದ್ದನ್ನು ಅವಳು ಇನ್ನೊಮ್ಮೆ ಹೇಳುತ್ತಾಳೆ.

ಪೇಟೆಯ ವಾಚ್ ರಿಪೇರಿ ಅಂಗಡಿಯಲ್ಲಿ ಸಿಆರ್ 2032 ಸೆಲ್ ಸಿಕ್ಕಿತು. 20 ಮಿಲಿಮೀಟರ್ ಅಗಲ, 3.2 ದಪ್ಪ, ಹೆಸರಿನಲ್ಲೇ ಅಳತೆ. ವಾಚಿನವರ ಹತ್ತಿರ ಸಿಕ್ಕಿದ್ದು ನ್ಯಾಯವೇ. ಕಂಪ್ಯೂಟರಿನ ಗಡಿಯಾರದಲ್ಲೂ ಅದೇ ಸ್ಫಟಿಕದ ಚೂರು, ಸೆಕೆಂಡಿಗೆ 32,768 ಸಲ ನಡುಗುವಂಥದ್ದು. ಅದನ್ನು ಅರ್ಧ, ಅರ್ಧದ ಅರ್ಧ ಅಂತ ಹದಿನೈದು ಸಲ ಹಿಸ್ಸೆ ಮಾಡಿದರೆ ಒಂದು ಉಳಿಯುತ್ತದೆ. ಆ ಒಂದೇ ಒಂದು ಸೆಕೆಂಡು. ತಲೆಮಾರುಗಳ ಹಿಸ್ಸೆಯಲ್ಲಿ ನಮ್ಮ ತೋಟಕ್ಕೆ ಆಗಿದ್ದೂ ಹೆಚ್ಚುಕಡಿಮೆ ಇದೇ.

ಪ್ಲಗ್ಗು ತೆಗೆದು ಪಕ್ಕದ ಮುಚ್ಚಳ ಬಿಚ್ಚಿದರೆ ಒಳಗೆ ಕಣಜದ ಮಣ್ಣುಗೂಡು, ಹಲ್ಲಿಯ ಮೊಟ್ಟೆ. ಹಲ್ಲಿಗೆ ತೊಂದರೆಯಾಗದ ಹಾಗೆ ಕೊಕ್ಕೆ ಒತ್ತಿದೆ. ಹಳೆಯ ಸೆಲ್ ಪುಟಿದು ಎಲ್ಲೋ ಹೋಯಿತು. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ, ಪ್ಲಗ್ಗು ಹಾಕಿ, ಡಿಲೀಟ್ ಕೀ ಕುಟ್ಟುತ್ತಾ ಬಯೋಸ್, ಅಂದರೆ ಕಂಪ್ಯೂಟರು ಶುರುವಾಗುವಾಗಿನ ಸೆಟ್ಟಿಂಗ್ ಪುಟದ ಒಳಗೆ ಹೋದೆ. ಹೊತ್ತು ಹೇಳಿದವರು ವಾಚು ಹಿಡಿದು ಹಿಂದೆ ನಿಂತಿದ್ದ ಅಪ್ಪಯ್ಯ. "ಈಗ ಒತ್ತು!"

ಒತ್ತಿದೆ. ಪಹಣಿಯ ಪುಟ ಅರ್ಧ ಬಂದಿರಬೇಕು, ಗುಡುಗಿತು. ಅಮ್ಮ ಪ್ಲಗ್ಗು ಕಿತ್ತಳು.

ಕರೆಂಟು ಬಂದಿದ್ದು ಮೂರನೆಯ ದಿನ. ಗುಂಡಿ ಒತ್ತಿ ಮೂಲೆ ನೋಡಿದರೆ ತಾರೀಕು, ಗಂಟೆ, ನಿಮಿಷ ಎಲ್ಲ ಸರಿ. ಮೂರು ದಿನ ಕತ್ತಲಲ್ಲಿ ಕೂತು ಸುಮ್ನೆ ಎಣಿಸಿಕೊಂಡಿದೆ ಪಾಪ. ಅಪ್ಪಯ್ಯ ವಾಚು ತಾಳೆ ನೋಡಿ ತಲೆಯಾಡಿಸಿದರು. "ಹಂಗಾದ್ರೆ ಈಗ ಆರ್‌ಟಿಸಿ ತೆಗಿ."

ಇಂಟರ್ನೆಟ್ಟು ಇನ್ನೂ ಬಂದಿರಲಿಲ್ಲ.