ಸುಮ್ನೆ ಕೈ ಬೀಸೋದಲ್ಲ
ದೀರ್ಘಕಾಲದ ಕಾಯಿಲೆ ಇರುವವರು ನಿಧಾನವಾಗಿ ಮಾಡುವ ಚೀನೀ ವ್ಯಾಯಾಮಗಳಾದ ತೈ ಚಿ, ಬಾದುವಾನ್‌ಜಿನ್ ಮಾಡಿದರೆ ಮನಸ್ಸು ಹಗುರಾಗುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸರಿ, ಆದರೆ ಮೈಗೆ ಆಗುವ ಲಾಭವನ್ನೂ ಹೇಳಬೇಕಿತ್ತು. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪಾರ್ಕಿನ್ಸನ್ (ಮೈ ನಡುಗಿ, ಚಲನೆ ನಿಧಾನವಾಗುವ ಮಿದುಳಿನ ಕಾಯಿಲೆ) ಇದ್ದ 195 ಜನ ವಾರಕ್ಕೆ 2 ಸಲದಂತೆ 24 ವಾರ ಬೇರೆ ಬೇರೆ ವ್ಯಾಯಾಮ ಮಾಡಿದ್ದರು. ತೈ ಚಿ ಗುಂಪಿನವರ ಸಮತೋಲನ ಎಲ್ಲರಿಗಿಂತ ಚೆನ್ನಾಗಿತ್ತು. ಬರೀ ಸ್ಟ್ರೆಚಿಂಗ್ ಮಾಡಿದವರಿಗಿಂತ ಅವರು ಬಿದ್ದಿದ್ದೂ ಕಡಿಮೆ.

ಯಾಕೆ ಅಂತ ಒಮ್ಮೆ ಮಾಡಿ ನೋಡಿ. ಮಂಡಿ ಸ್ವಲ್ಪ ಬಗ್ಗಿಸಿ, ಮೈಭಾರವನ್ನೆಲ್ಲ ನಿಧಾನವಾಗಿ ಒಂದು ಕಾಲಿಗೆ ದಾಟಿಸಿ, ಆಮೇಲಷ್ಟೇ ಇನ್ನೊಂದು ಹಿಮ್ಮಡಿ ಎತ್ತಿ. ತೊಡೆ ನಡುಗುತ್ತದೆ ಅಲ್ವಾ? ನಿಲ್ಲಲು ಆಗದವರು ಬಾದುವಾನ್‌ಜಿನ್‌ನ 8 ಚಲನೆಗಳನ್ನು ಕುರ್ಚಿಯಲ್ಲಿ ಕೂತೇ ಮಾಡಬಹುದು. ಆದರೆ ಈ ವ್ಯಾಯಾಮಗಳು ‘ಮಾತ್ರೆಗೆ ಬದಲಿ’ ಎಂದು ನೀವು ಬರೆದಿದ್ದು ಮಾತ್ರ ಜಾಸ್ತಿಯಾಯಿತು.